ವಸ್ತುವಿಗೂ ಸಾವು ಇದೆಯಾ? ಕೋಲಾರದ ಗಣಿಯಲ್ಲಿ ಹುಡುಕಿದ್ದರು

ನಕ್ಷತ್ರಗಳೆಲ್ಲ ಆರಿಹೋದ ಮೇಲೂ ಕಲ್ಲು, ಕಬ್ಬಿಣ, ಗ್ರಹಗಳು ಹಾಗೇ ಉಳಿಯುತ್ತವಾ, ಇಲ್ಲ ಅವೂ ಒಂದು ದಿನ ಕರಗಿಹೋಗುತ್ತವಾ ಅಂತ ಕೇಳಿದ್ದೀರಿ. ಇದನ್ನು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ, ಬರೀ ಕಾಗದದ ಲೆಕ್ಕವಾ ಅಂತಲೂ ಕೇಳಿದ್ದೀರಿ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಉತ್ತರ ಹುಡುಕುವ ಕೆಲಸ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ನಡೆದಿತ್ತು.

ಎಲ್ಲವೂ ನಿಂತಿರುವುದು ಪ್ರೋಟಾನ್ ಮೇಲೆ. ಪ್ರತಿ ಪರಮಾಣುವಿನ ನಡುವೆ ಇರುವ ಕಣ ಅದು; ಅದರ ಜೊತೆಗಿರುವ ಇನ್ನೊಂದು ಕಣ ನ್ಯೂಟ್ರಾನ್. ಪರಮಾಣುವಿನಿಂದ ಹೊರಗೆ ಬಿದ್ದ ನ್ಯೂಟ್ರಾನ್ ಸರಾಸರಿ ಹದಿನೈದು ನಿಮಿಷದೊಳಗೆ ಒಡೆದುಹೋಗುತ್ತದೆ. ಪ್ರೋಟಾನ್ ಒಡೆದದ್ದನ್ನು ಮಾತ್ರ ಯಾರೂ ನೋಡಿಲ್ಲ. ಅದು ಶಾಶ್ವತ ಅಂತಲೇ ಬಹಳ ಕಾಲ ನಂಬಿದ್ದರು. 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಅನ್ನುವ ಭೌತವಿಜ್ಞಾನಿಗಳು ಒಂದು ಸಿದ್ಧಾಂತ ಮುಂದಿಟ್ಟರು. ಗುರುತ್ವ ಬಿಟ್ಟು ಉಳಿದ ಮೂರು ಬಲಗಳೂ ಮೂಲದಲ್ಲಿ ಒಂದೇ ಅನ್ನುವುದು ಅದರ ತಿರುಳು. ಅದು ನಿಜವಾದರೆ ಪ್ರೋಟಾನ್ ಕೂಡ ಒಡೆಯಲೇಬೇಕು. ಆಯಸ್ಸು ಮಾತ್ರ ಊಹೆಗೆ ಸಿಗದಷ್ಟು: ಒಂದರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ಬ್ರಹ್ಮಾಂಡದ ಈಗಿನ ವಯಸ್ಸೇ ಬರೀ 1,380 ಕೋಟಿ ವರ್ಷ.

ಈ ಹುಚ್ಚು ಯಾಕೆ ಬೇಕಿತ್ತು ಅಂದರೆ, ಇನ್ನೊಂದು ದೊಡ್ಡ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಬ್ರಹ್ಮಾಂಡದ ಆರಂಭದಲ್ಲಿ ವಸ್ತುವೂ, ಅದರ ತದ್ವಿರುದ್ಧ ಜೋಡಿಯಾದ ಪ್ರತಿವಸ್ತುವೂ ಸಮಸಮ ಹುಟ್ಟಿದ್ದರೆ ಎರಡೂ ಒಂದನ್ನೊಂದು ಅಳಿಸಿ ಬರೀ ಬೆಳಕು ಉಳಿಯಬೇಕಿತ್ತು. ನಾವು ಇದ್ದೇವಲ್ಲ! ಹಾಗಾದರೆ ಪ್ರೋಟಾನಿನಂಥ ಕಣಗಳ ಒಟ್ಟು ಲೆಕ್ಕ ಎಲ್ಲೋ ಒಂದು ಕಡೆ ತಪ್ಪಲೇಬೇಕು ಅಂತ 1967ರಲ್ಲೇ ರಷ್ಯಾದ ಭೌತವಿಜ್ಞಾನಿ ಸಖರೋವ್ ತೋರಿಸಿಕೊಟ್ಟಿದ್ದರು. ಹುಟ್ಟುವಾಗ ಲೆಕ್ಕ ತಪ್ಪಬಹುದಾದರೆ ಸಾಯುವಾಗಲೂ ತಪ್ಪಬಹುದು, ಅಲ್ವಾ?

ಅಷ್ಟು ವರ್ಷ ಕಾಯುವುದು ಹೇಗೆ ಅಂತ ನನ್ನ ಮಕ್ಕಳೂ ಕೇಳುತ್ತಾರೆ. ಕಾಯಬೇಕಿಲ್ಲ. ಒಂದು ಊರಿನಲ್ಲಿ ವರ್ಷಕ್ಕೆ ಎಷ್ಟು ಜನ ಸತ್ತರು ಅಂತ ಎಣಿಸಿದರೆ ಆ ಊರಿನವರ ಆಯಸ್ಸಿನ ಅಂದಾಜು ಸಿಗುತ್ತದೆ. ಹಾಗೇ ರಾಶಿ ರಾಶಿ ಪ್ರೋಟಾನ್ ಗುಡ್ಡೆ ಹಾಕಿ ವರ್ಷಕ್ಕೆ ಒಂದೆರಡಾದರೂ ಒಡೆಯುತ್ತವಾ ಅಂತ ನೋಡಿದರೆ ಸಾಕು. ಒಂದು ವ್ಯತ್ಯಾಸ: ಪ್ರೋಟಾನಿಗೆ ಮುಪ್ಪಿಲ್ಲ. ಹಳೆಯದಿರಲಿ, ಹೊಸದಿರಲಿ, ಒಡೆಯುವ ಸಾಧ್ಯತೆ ಯಾವತ್ತೂ ಅಷ್ಟೇ.

ತೊಂದರೆ ಇರುವುದು ಗಲಾಟೆಯಲ್ಲಿ, ಅಂದರೆ ಯಂತ್ರಕ್ಕೆ ಬಂದು ಬಡಿಯುವ ಬೇರೆ ಕಣಗಳಲ್ಲಿ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದು ಮ್ಯುವಾನ್ ಕಣಗಳು ಹುಟ್ಟುತ್ತವೆ. ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಸುಮಾರು ಒಂದು ಹಾದುಹೋಗುತ್ತಿರುತ್ತದೆ. ಇವನ್ನು ತಡೆಯಲು ಕಿಲೋಮೀಟರ್‌ಗಟ್ಟಲೆ ಬಂಡೆ ಬೇಕು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1950ರ ದಶಕದಲ್ಲೇ ಕೆಜಿಎಫ್ ಗಣಿಗೆ ಇಳಿದು ಮ್ಯುವಾನ್ ಎಣಿಸಲು ಶುರು ಮಾಡಿದ್ದರು. ತೀರಾ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಸಿಗಲಿಲ್ಲ. ಏನೂ ಸಿಗದ ಜಾಗವೇ ಬೇಕಾಗಿತ್ತು! 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ನಮ್ಮವರು ಒಸಾಕಾ ಮತ್ತು ಡರ್ಹಂನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು, ಅಂದರೆ ಬಂಡೆಗೂ ಹೆಚ್ಚುಕಡಿಮೆ ತಾಗದೆ ಹಾದುಹೋಗುವ ಕಣಗಳನ್ನು, ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕವು. ಜಗತ್ತಿನಲ್ಲಿ ಅದಕ್ಕೆ ಮುಂಚೆ ಯಾರಿಗೂ ಸಿಕ್ಕಿರಲಿಲ್ಲ.

ಪ್ರೋಟಾನ್ ಹುಡುಕಾಟ ಅಲ್ಲಿ ಶುರುವಾಗಿದ್ದು 1980ರಲ್ಲಿ. 140 ಟನ್ ತೂಕದ ಯಂತ್ರ: ಕಬ್ಬಿಣದ ತಗಡುಗಳು, ನಡುನಡುವೆ ಕಣ ಎಣಿಸುವ ಕೊಳವೆಗಳ ಸಾಲು. ಅದರಲ್ಲಿ ಒಂದರ ಮುಂದೆ 31 ಸೊನ್ನೆಗಿಂತ ಜಾಸ್ತಿ ಪ್ರೋಟಾನ್ ಇದ್ದವು. ಕೆಲವು ಗುರುತುಗಳು ಸಿಕ್ಕವು ಕೂಡ. ಇವು ಪ್ರೋಟಾನ್ ಒಡೆದದ್ದಿರಬಹುದು ಅಂತ ತಂಡ ಪ್ರಕಟಿಸಿದಾಗ ಜಗತ್ತಿನ ಕಣ್ಣೆಲ್ಲ ಕೋಲಾರದ ಮೇಲೆ. ಆದರೆ ಅಮೆರಿಕದ ಓಹಾಯೋದಲ್ಲಿ ಉಪ್ಪಿನ ಗಣಿಯೊಳಗೆ, ಜಪಾನಿನ ಕಾಮಿಯೋಕಾದಲ್ಲಿ ಸತುವಿನ ಗಣಿಯೊಳಗೆ ಸಾವಿರಾರು ಟನ್ ನೀರಿಟ್ಟುಕೊಂಡು ಅದರೊಳಗಿನ ಪ್ರೋಟಾನ್ ಕಾಯುತ್ತಾ ಕೂತವರಿಗೆ ಏನೂ ಕಾಣಲಿಲ್ಲ. ಕೋಲಾರದ ಆ ಗುರುತುಗಳನ್ನು ಈಗ ಪುರಾವೆ ಅಂತ ಎಣಿಸುವುದಿಲ್ಲ.

ಸದ್ಯದ ಸ್ಥಿತಿ ಹೀಗಿದೆ. ಕಾಮಿಯೋಕಾದ 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ 1996ರಿಂದ ನೋಡುತ್ತಲೇ ಇದೆ. ಎಲ್ಲರೂ ನಿರೀಕ್ಷಿಸಿದ್ದ ದಾರಿಯಲ್ಲಿ ಒಡೆಯುವುದಾದರೆ ಪ್ರೋಟಾನಿನ ಆಯಸ್ಸು 24 ಬರೆದು ಮುಂದೆ 33 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಹೆಚ್ಚೇ ಇರಬೇಕು. 1974ರ ಆ ಸರಳ ಸಿದ್ಧಾಂತ 1980ರ ದಶಕದಲ್ಲೇ, ನೀರಿನ ಆ ಮೊದಲ ತೊಟ್ಟಿಗಳಲ್ಲಿ ಏನೂ ಕಾಣದಿದ್ದಾಗಲೇ, ಬಿದ್ದುಹೋಗಿತ್ತು. ಅದರ ಹಿಂದೆ ಬಂದ ಬೇರೆ ಸಿದ್ಧಾಂತಗಳು ಇನ್ನೂ ಉದ್ದದ ಆಯಸ್ಸು ಹೇಳುತ್ತವೆ, ಅವು ಉಳಿದಿವೆ. ಆದ್ದರಿಂದ "ವಸ್ತು ಕರಗಿಹೋಗುವುದು ಖಚಿತ" ಅನ್ನುವ ವೀಡಿಯೋಗಳನ್ನು ಸುಮ್ನೆ ನಂಬಬೇಡಿ. "ಶಾಶ್ವತ" ಅನ್ನುವವರನ್ನೂ ನಂಬಬೇಡಿ.

ಇದೆಲ್ಲ ದಂಡವಾಯಿತು ಅಂದುಕೊಳ್ಳಬೇಡಿ. ಪ್ರೋಟಾನ್ ಕಾಯಲು ಕೂತಿದ್ದ ಅದೇ ಓಹಾಯೋ, ಕಾಮಿಯೋಕಾ ತೊಟ್ಟಿಗಳಿಗೆ 1987ರ ಫೆಬ್ರವರಿಯಲ್ಲಿ ಪಕ್ಕದ ಗೆಲಾಕ್ಸಿಯೊಂದರಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೋಗಳು ಬಂದು ಬಿದ್ದವು.

ನನಗೆ ಬೇಜಾರು ಒಂದೇ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯೂ ಸುಮಾರು ಅದೇ ಹೊತ್ತಿಗೆ ಮುಚ್ಚಿ, ನೀರು ತುಂಬಿಕೊಂಡಿತ್ತು. ಅವರು ಪಂಪ್ ಹಾಕಿ ನೀರು ತೆಗೆದು, ಅಲ್ಲೇ ಪ್ರಯೋಗಾಲಯ ಮಾಡಿಕೊಂಡಿದ್ದಾರೆ. ಅಲ್ಲಿ ಕಟ್ಟುತ್ತಿರುವ ಹೊಸ ಯಂತ್ರ ಪ್ರೋಟಾನ್ ಒಡೆಯುವುದನ್ನೂ ಹುಡುಕಲಿದೆ.