ನಾಯಿಮರಿ ಕಾಲಿಗೆ ಆಪರೇಷನ್ ಆಗಿದೆ, ಮನೇಲಿ ಹೆಂಗೆ ನೋಡ್ಕೊಳ್ಳೋದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ ಬೀದೀಲೇ ಹುಟ್ಟಿದ ಮರಿ, ಮೂರು ತಿಂಗ್ಳಿರಬೋದು, ಸ್ಕೂಟರ್ ಹತ್ತಿ ಹಿಂಗಾಲಿನ ತೊಡೆ ಮೂಳೆ ಮುರೀತು, ಮಂಡಿ ಹತ್ರಾನೇ ಮುರಿದಿದೆ ಅಂತ ಎಕ್ಸ್‌ರೇಲಿ ಕಾಣ್ತು. ಆಪರೇಷನ್ ಮಾಡಿ ಒಳಗೆ ಪಿನ್ ಹಾಕಿದಾರೆ, ಈಗ ನಮ್ಮನೇಲೇ ಇದೆ, ಹೊಲಿಗೆ ಇನ್ನೂ ಬಿಚ್ಚಿಲ್ಲ. ಕಳಿಸುವಾಗ ಡಾಕ್ಟ್ರು ಫುಲ್ ರೆಸ್ಟ್ ಕೊಡಿ ಅಂದ್ರು, ಅದೇ ಉಸಿರಲ್ಲಿ ದಿನಾ ಕಾಲು ಮಡಚಿ ಬಿಡಿಸಿ ಎಕ್ಸರ್‌ಸೈಜ್ ಮಾಡಿಸಿ ಅಂದ್ರು, ಎರಡೂ ಒಟ್ಟಿಗೆ ಹೆಂಗಾಗುತ್ತೆ? ಕಾಲಿಗೆ ಕಟ್ಟೂ ಹಾಕಿಲ್ಲ, ಪಕ್ಕದ್ಮನೆಯವ್ರು ಪುತ್ತೂರು ಕಟ್ಟು ಹಾಕ್ಸಿ ಅಂತ ದಿನಾ ತಲೆ ತಿಂತಿದಾರೆ. ಮರಿ ನೋಡಿದ್ರೆ ಒಂದು ನಿಮಿಷ ಸುಮ್ನೆ ಕೂರಲ್ಲ, ಬೋನಿಗೆ ಹಾಕಿದ್ರೆ ಓಣಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ.
(ಮೈಸೂರಿನ ಓದುಗರು)

ಉತ್ತರ: ಡಾಕ್ಟ್ರು ಹೇಳಿರೋ ಎರಡು ಮಾತೂ ಸರೀನೇ, ಬಿಡಿಸಿ ಹೇಳೋಕೆ ಟೈಮ್ ಸಿಕ್ಕಿರಲ್ಲ ಅಷ್ಟೆ, ಹೊರಗಡೆ ಕ್ಯೂ ಇರುತ್ತಲ್ಲ. ರೆಸ್ಟ್ ಬೇಕಾಗಿರೋದು ಮುರಿದ ಮೂಳೆಗೆ, ಮಂಡಿಗಲ್ಲ. ಓಡೋದು, ಹಾರೋದು, ಮೆಟ್ಲು ಹತ್ತೋದು, ಸೋಫಾದಿಂದ ಜಿಗಿಯೋದು, ಬೇರೆ ನಾಯಿ ಜೊತೆ ಕುಸ್ತಿ ಆಡೋದು ಎಲ್ಲಾ ಬಂದ್, ಆದ್ರೆ ಮಂಡಿ ಮಾತ್ರ ದಿನಾ ಮಡಚ್ತಾ ಬಿಡಿಸ್ತಾ ಇರ್ಲೇಬೇಕು. ನಿಮ್ಮ ಮರಿ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಚಿಕ್ಕ ಮರಿ, ಅದೂ ಮಂಡಿ ಹತ್ರದ ಮುರಿತ.

ತೊಡೆ ಮುಂದ್ಗಡೆ ಒಂದು ದೊಡ್ಡ ಮಾಂಸಖಂಡ ಇದೆ, ಕ್ವಾಡ್ರಿಸೆಪ್ಸ್ ಅಂತೀವಿ. ಮರಿಗಳಲ್ಲಿ ಮೂಳೆ ಬೇಗ ಕೂಡುತ್ತೆ, ಮುರಿದ ಜಾಗದ ಸುತ್ತ ಹೊಸ ಮೂಳೆ ದಪ್ಪವಾಗಿ ಬೆಳಿಯುತ್ತೆ, ಆ ಟೈಮಲ್ಲಿ ಕಾಲು ಅಲ್ಲಾಡ್ದೆ ನೆಟ್ಟಗೆ ಇದ್ಬಿಟ್ರೆ ಈ ಮಾಂಸಖಂಡ ಹೋಗಿ ಹೊಸ ಮೂಳೆಗೇ ಅಂಟ್ಕೊಂಡು ಬಿಗಿದ್ಬಿಡುತ್ತೆ. ಆಮೇಲೆ ಮಂಡಿ ಮಡಚೋದೇ ಇಲ್ಲ, ಕಾಲು ಕೋಲಿನ ಥರ ಚಾಚ್ಕೊಂಡೇ ಇರುತ್ತೆ. ಎಕ್ಸ್‌ರೇ ನೋಡಿದ್ರೆ ಮೂಳೆ ಚೆನ್ನಾಗಿ ಕೂಡಿರುತ್ತೆ, ಮರಿ ಮಾತ್ರ ಮೂರೇ ಕಾಲಲ್ಲಿ ಕುಂಟ್ತಾ ಇರುತ್ತೆ. ಇದಕ್ಕೆ ತಿಂಗಳುಗಟ್ಲೆ ಬೇಡ, ಕೆಲವೇ ವಾರ ಸಾಕು, ಒಂದ್ಸಲ ಹಂಗಾಯ್ತು ಅಂದ್ರೆ ಸರಿ ಮಾಡೋದು ಬಹಳ ಕಷ್ಟ, ಕೆಲವಕ್ಕೆ ಕಾಲೇ ತೆಗೀಬೇಕಾಗುತ್ತೆ.

ಪಕ್ಕದ್ಮನೆಯವ್ರಿಗೆ ಇದನ್ನೇ ಹೇಳಿ. ಮುರಿದ ಮೂಳೆ ಕದಲದ ಹಾಗೆ ಕಟ್ಬೇಕು ಅಂದ್ರೆ ಅದರ ಮೇಲಿನ ಕೀಲು ಕೆಳಗಿನ ಕೀಲು ಎರಡೂ ಕಟ್ಟಿನೊಳಗೆ ಬರ್ಬೇಕು, ತೊಡೆ ಮೂಳೆಗೆ ಮೇಲಿನ ಕೀಲು ಅಂದ್ರೆ ಸೊಂಟದ್ದು, ಅದನ್ನ ನಾಯೀಲಿ ಸರಿಯಾಗಿ ಕಟ್ಟೋಕಾಗಲ್ಲ. ಕಟ್ಟು ಮಂಡಿ ಹತ್ರ ನಿಂತ್ಬಿಡುತ್ತೆ, ಅದರ ಭಾರ ಮುರಿದ ಜಾಗದಲ್ಲೇ ಜಗ್ಗುತ್ತೆ, ಜೊತೆಗೆ ಕಾಲನ್ನ ನೆಟ್ಟಗೆ ಇಟ್ಬಿಡುತ್ತೆ, ಯಾವುದು ಆಗ್ಬಾರದು ಅಂದ್ನೋ ಅದೇ. ಅದಕ್ಕೇ ತೊಡೆಗೆ ಒಳಗಿಂದ ಪಿನ್ ಹಾಕೋದು, ಹೊರಗೆ ಕಟ್ಟು ಇಲ್ದೆ ಕಳ್ಸೋದು. ದಕ್ಷಿಣ ಕನ್ನಡದ ಪುತ್ತೂರಿನ ಓದುಗರು ಬೇಜಾರ್ ಮಾಡ್ಕೋಬೇಡಿ, ಈ ಕಟ್ಟು ಆಂಧ್ರದ ಪುತ್ತೂರಿಂದು.

ಈಗ ಎಕ್ಸರ್‌ಸೈಜ್. ಯಾವತ್ತಿಂದ ಶುರು ಮಾಡ್ಬೇಕು ಅನ್ನೋದು ನಿಮ್ಮ ಸರ್ಜನ್ ಹೇಳ್ಬೇಕು, ಪಿನ್ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಅವ್ರಿಗೇ ಗೊತ್ತು. ನೋವಿನ ಔಷಧಿ ಕೊಟ್ಟು ಒಂದು ಗಂಟೆ ಆದ್ಮೇಲೆ, ಮರಿ ನಿದ್ದೆಗಣ್ಣಲ್ಲಿ ಇರೋವಾಗ ಕೂತ್ಕೊಳ್ಳಿ. ಆಪರೇಷನ್ ಆದ ಕಾಲು ಮೇಲೆ ಬರೋ ಹಾಗೆ ಪಕ್ಕಕ್ಕೆ ಮಲಗ್ಸಿ, ಒಂದು ಕೈ ತೊಡೆ ಕೆಳಗೆ ಆಸರೆಗೆ ಇಡಿ, ಇನ್ನೊಂದು ಕೈಯಲ್ಲಿ ಹಿಮ್ಮಡಿ ಗಂಟಿನ ಹತ್ರ ಹಿಡಿದು ಮಂಡಿ ನಿಧಾನಕ್ಕೆ ಮಡಚಿ. ಎಷ್ಟು ದೂರ ಅಂದ್ರೆ ಮರಿ ತಲೆ ತಿರುಗಿಸಿ ನಿಮ್ಮ ಕೈ ನೋಡೋವರೆಗೆ, ಅದರಾಚೆ ಬೇಡ. ಅಲ್ಲೇ ಎರಡು ಮೂರು ಸೆಕೆಂಡ್ ಹಿಡಿದು ಬಿಡಿಸಿ. ಹಿಂದೆ ಮುಂದೆ ಮಾತ್ರ, ಪಕ್ಕಕ್ಕೆ ತಿರುಚೋ ಹಂಗಿಲ್ಲ. ಒಂದ್ಸಲಕ್ಕೆ ಹತ್ತು, ದಿನಕ್ಕೆ ಮೂರು ನಾಕು ಸಲ. ತುಟಿ ನೆಕ್ಕೋದು, ಮೈ ಬಿಗಿ ಹಿಡಿಯೋದು ಮಾಡಿದ್ರೆ ನೋವಾಗ್ತಿದೆ ಅಂತ ಅರ್ಥ, ಅವತ್ತಿಗೆ ಕಮ್ಮಿ ಮಾಡಿ. ಮೊದ್ಲ ಎರಡು ಮೂರು ದಿನ ಊತಕ್ಕೆ ಐಸ್‌ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಡ್ಬೋದು, ಬಿಸಿ ಶಾಖ ಊತ ಇಳಿದ್ಮೇಲೆ. ಎಣ್ಣೆ ಹಚ್ಚಿ ಉಜ್ಜೋದಂತೂ ಬೇಡವೇ ಬೇಡ.

ಇನ್ನೊಂದು, ಎಲ್ರೂ ತಪ್ಪು ತಿಳ್ಕೊಳ್ಳೋದು ಇಲ್ಲೇ. ಮರಿ ಕಾಲು ಎತ್ಕೊಂಡು ಕುಂಟ್ಕೊಂಡು ಓಡ್ತಿದ್ರೆ ಆಹಾ ಆ ಕಾಲಿಗೆ ರೆಸ್ಟ್ ಸಿಕ್ತಿದೆ ಅಂದ್ಕೋತಾರೆ. ನಾಯಿಗೆ ಮೂರು ಕಾಲಲ್ಲಿ ಓಡೋದು ಲೀಲಾಜಾಲ, ಸ್ಪೀಡಾಗಿ ಹೋದಷ್ಟೂ ನಾಲ್ಕನೇ ಕಾಲು ಎತ್ತಿಟ್ಕೊಳ್ಳುತ್ತೆ. ನಿಧಾನಕ್ಕೆ ನಡೆಸಿದ್ರೆ ಮಾತ್ರ ಬ್ಯಾಲೆನ್ಸ್‌ಗೆ ಅಂತ ಕಾಲು ಕೆಳಗಿಡುತ್ತೆ. ಹಂಗಾಗಿ ಉಚ್ಚೆ ಮಾಡ್ಸೋಕೆ ಅಂಗಳಕ್ಕೆ ಕರ್ಕೊಂಡು ಹೋದ್ರೂ ಕುತ್ತಿಗೆಗೆ ಹಗ್ಗ ಅಥವಾ ಬೆಲ್ಟ್ ಇರ್ಲಿ, ನೀವು ಆಮೆ ನಡಿಗೆ ನಡೀರಿ, ಉಗುರು ಮೊದ್ಲು ತಾಕುತ್ತೆ, ಆಮೇಲೆ ಪಾದ, ಆಮೇಲೆ ಸ್ವಲ್ಪ ಭಾರ. ಮೊದಮೊದಲು ಜಾರುತ್ತೆ ಅನ್ಸಿದ್ರೆ ಹೊಟ್ಟೆ ಕೆಳಗೆ, ಹಿಂಗಾಲಿನ ಮುಂದೆ ಟವೆಲ್ ಕೊಟ್ಟು ಮೇಲಿಂದ ಹಿಡ್ಕೊಳ್ಳಿ, ಗಂಡು ಮರಿ ಆದ್ರೆ ಉಚ್ಚೆ ಹೊಯ್ಯೋ ಜಾಗ ಬಿಟ್ಟು. ಎರಡು ವಾರ ಆದ್ರೂ ಕಾಲು ಕೆಳಗೇ ಇಡ್ತಿಲ್ಲ ಅಂದ್ರೆ ಇನ್ನಷ್ಟು ದಿನ ನೋಡೋಣ ಅನ್ಬೇಡಿ, ಕರ್ಕೊಂಡು ಹೋಗಿ ತೋರ್ಸಿ. ಚೆನ್ನಾಗಿ ಇಡ್ತಾ ಇದ್ದ ಮರಿ ಇದ್ದಕ್ಕಿದ್ದ ಹಾಗೆ ಎತ್ಕೊಂಡ್ರೆ ಪಿನ್ ಕದಲಿರಬೋದು, ಅವತ್ತೇ ಎಕ್ಸ್‌ರೇ.

ಬೋನಿನ ಕಿರುಚಾಟಕ್ಕೆ ಏನ್ಮಾಡೋದು? ಬೋನೇ ಆಗ್ಬೇಕು ಅಂತೇನಿಲ್ಲ, ಗೋಡೆ ಮೂಲೆಗೆ ಹಲಗೆ ಅಡ್ಡ ಇಟ್ರೂ ಆಯ್ತು, ಎದ್ದು ನಿಂತು ಸುತ್ತು ತಿರುಗೋಷ್ಟು ಜಾಗ ಇರ್ಬೇಕು, ಓಟ ಕೀಳೋಷ್ಟು ಇರ್ಬಾರದು, ಹಾರಿ ಆಚೆ ಬರೋ ಹಾಗೂ ಇರ್ಬಾರದು. ಅದನ್ನ ಜನ ಓಡಾಡೋ ಹಾಲಲ್ಲೇ ಇಡಿ, ಒಳಗಿನ ರೂಮಲ್ಲಿ ಒಂಟಿಯಾಗಿ ಕೂಡಿ ಹಾಕಿದ್ರೆ ಯಾವ ಮರಿ ಸುಮ್ನಿರುತ್ತೆ ಹೇಳಿ. ಊಟ ತಟ್ಟೇಲಿ ಹಾಕ್ಬೇಡಿ, ಹಳೇ ಟವೆಲ್ಲಿನ ಮಡಿಕೆಗಳಲ್ಲಿ ಮುಷ್ಟಿ ಫುಡ್ ಸುತ್ತಿಡಿ, ಮೂಸ್ಕೊಂಡು ಹುಡುಕೋದ್ರಲ್ಲೇ ಸುಸ್ತಾಗಿ ಮಲಗುತ್ತೆ. ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ನಾಯಿ ಕಾಲಿಗೆ ಶತ್ರು, ಮರಿ ಓಡಾಡೋ ಕಡೆ ಗೋಣಿಚೀಲನೋ ಯೋಗ ಮ್ಯಾಟೋ ಹಾಸಿ.

ಹೊಲಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ತಾರೆ, ಅಲ್ಲೀತನಕ ಕುತ್ತಿಗೆಯ ಕೋನ್ ತೆಗೀಬೇಡಿ. ಅಯ್ಯೋ ಪಾಪ ಅಂತ ರಾತ್ರಿ ತೆಗೆದಿಟ್ರೆ ಬೆಳಗಾಗೋದ್ರೊಳಗೆ ಎರಡು ಹೊಲಿಗೆ ಹಲ್ಲಲ್ಲಿ ಕಿತ್ತಿರುತ್ತೆ. ಗಾಯಕ್ಕೆ ಅರಿಶಿನ, ಸ್ಪಿರಿಟ್ ಏನೂ ಹಾಕ್ಬೇಡಿ, ಒಣಗಿರ್ಲಿ. ಮೊದ್ಲ ದಿನಗಳಲ್ಲಿ ಊತ ಕೆಳಗಿಳಿದು ಪಾದದ ಹತ್ರ ಬಂದ್ರೆ ಗಾಬರಿ ಬೇಡ. ಕೀವು, ವಾಸನೆ, ಹೊಲಿಗೆ ಬಿಟ್ಕೊಳ್ಳೋದು, ಸೊಂಟದ ಹತ್ರ ಪಿನ್ನಿನ ತುದಿ ಚರ್ಮ ಚುಚ್ಕೊಂಡು ಬರೋದು, ಇವಕ್ಕೆ ಗಾಬರಿ ಬೀಳಿ. ಮಳೆಗಾಲದಲ್ಲಿ ನೊಣ ಕೂತ್ರೆ ಗಾಯಕ್ಕೆ ಹುಳ ಬೀಳೋಕೆ ಹೆಚ್ಚು ಹೊತ್ತು ಬೇಡ, ಹಗಲು ಸೊಳ್ಳೆಪರದೆ ಒಳಗೆ ಮಲಗ್ಸಿ.

ಪ್ರಶ್ನೆ: ಆಪರೇಷನ್ ಆದ ಮರಿ ರಾತ್ರಿ ಕುಂಯ್‌ಗುಡ್ತಾ ಇರುತ್ತೆ, ಆಸ್ಪತ್ರೇಲಿ ಕೊಟ್ಟ ಸಿರಪ್ ಖಾಲಿ. ಮನೇಲಿ ಡೋಲೋ ಇದೆ, ಅರ್ಧ ಕೊಡ್ಲಾ?
(ತುಮಕೂರು)

ಉತ್ತರ: ಬೇಡ. ಲೆಕ್ಕ ಹಾಕಿ ನೋಡಿ, ಮೂರು ಕೆಜಿ ಮರಿಗೆ 650 ಮಿಲಿಗ್ರಾಂ ಮಾತ್ರೆ ಅರ್ಧ ಕೊಟ್ರೂ ಕೆಜಿಗೆ ನೂರು ಮಿಲಿಗ್ರಾಂ ದಾಟುತ್ತೆ, ಅದು ಲಿವರ್‌ಗೆ ಹೊಡೆತ ಬೀಳೋ ಮಟ್ಟ. ಬ್ರೂಫೆನ್, ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ಇನ್ನೂ ಕೆಟ್ಟದ್ದು, ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗುತ್ತೆ, ಕಿಡ್ನಿ ಹೋಗುತ್ತೆ. ಡೈಕ್ಲೋಫೆನಾಕನ್ನ ಪ್ರಾಣಿಗಳಿಗೆ ಬಳಸೋದು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧ ಆಗಿದೆ, ಅದು ನಾಯಿಗೋಸ್ಕರ ಅಲ್ಲ, ಆ ಇಂಜೆಕ್ಷನ್ ತಗೊಂಡ ದನ ಸತ್ತು ಅದನ್ನ ತಿಂದ ರಣಹದ್ದುಗಳು ಸಾಲುಸಾಲಾಗಿ ಸತ್ತಿದ್ದಕ್ಕೆ, ಇರ್ಲಿ, ಅದು ಬೇರೆ ಕಥೆ. ನಿಮ್ಮ ಸಿರಪ್ಪು ಬಹುಶಃ ನಾಯಿಗೆ ಕೊಡೋ ನೋವಿನ ಔಷಧಿ ಮೆಲಾಕ್ಸಿಕ್ಯಾಮ್ ಇರುತ್ತೆ, ಬಾಟಲಿ ಫೋಟೋ ಡಾಕ್ಟ್ರಿಗೆ ಕಳ್ಸಿ ಇನ್ನೂ ಎಷ್ಟು ದಿನ ಕೊಡ್ಬೇಕು ಅಂತ ಕೇಳಿ. ಕೊಡೋದು ಊಟದ ಜೊತೇಲೇ, ವಾಂತಿ ಆದ್ರೆ, ಕಕ್ಕಸು ಕಪ್ಪಗೆ ಡಾಂಬರಿನ ಬಣ್ಣಕ್ಕೆ ತಿರುಗಿದ್ರೆ, ಊಟ ಬಿಟ್ರೆ ನಿಲ್ಸಿ ಫೋನ್ ಮಾಡಿ. ಎಲ್ಲಾ ಕುಂಯ್‌ಗುಟ್ಟೋದೂ ನೋವಿಗೇ ಅಲ್ಲ, ನಿಮ್ಮ ಪಕ್ಕ ಮಲಗ್ಸಿದಾಗ ಸುಮ್ಮನಾದ್ರೆ ಅದಕ್ಕೆ ಬೇಕಾಗಿದ್ದು ಜೊತೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿಗೆ ನಾಕು ತಿಂಗಳು, ಕಾಲಿಗೆ ಪ್ಲೇಟ್ ಹಾಕಿದಾರೆ. ಬೇಗ ಕೂಡ್ಲಿ ಅಂತ ಅಮ್ಮ ದಿನಾ ಮಟನ್ ಕಾಲು ಸೂಪ್ ಕೊಡ್ತಿದಾರೆ, ಜೊತೆಗೆ ಕ್ಯಾಲ್ಸಿಯಂ ಸಿರಪ್ಪೂ ಹಾಕ್ತೀವಿ. ಸಾಕಾ ಇನ್ನೇನಾದ್ರೂ ಬೇಕಾ?
(ದಾವಣಗೆರೆ)

ಉತ್ತರ: ಇನ್ನೇನೂ ಬೇಡ, ಇರೋದ್ರಲ್ಲೇ ಎರಡು ಕಮ್ಮಿ ಮಾಡಿ. ಸೂಪಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದೇ ಇರುತ್ತೆ, ಅವು ನಾಯಿಯ ಕೆಂಪು ರಕ್ತಕಣ ಒಡೆದು ಹಾಕ್ತವೆ, ಆಪರೇಷನ್ನಲ್ಲಿ ರಕ್ತ ಹೋಗಿರೋ ಮರಿಗೆ ಇದೊಂದು ಬೇರೆ. ಅಮ್ಮಂಗೆ ಬೇಜಾರಾಗುತ್ತೆ ಅಂದ್ರೆ ಈರುಳ್ಳಿ, ಬೆಳ್ಳುಳ್ಳಿ, ಖಾರ, ಉಪ್ಪು ಏನೂ ಹಾಕ್ದೆ ಬೇಯ್ಸಿ, ಜಿಡ್ಡು ತೆಗೆದು ಎರಡು ಚಮಚ ಊಟದ ಮೇಲೆ ಹಾಕ್ಲಿ, ರುಚಿಗೆ. ಬೇಯ್ಸಿದ ಮೂಳೆ ಮಾತ್ರ ಕೊಡ್ಬೇಡಿ, ಸೀಳಿ ಕರುಳಿಗೆ ಚುಚ್ಚುತ್ತೆ, ಮೂಳೆ ತಿಂದ್ರೆ ಮೂಳೆ ಕೂಡುತ್ತೆ ಅನ್ನೋದೆಲ್ಲ ಸುಳ್ಳು. ಕ್ಯಾಲ್ಸಿಯಂ ವಿಷ್ಯ ಏನಂದ್ರೆ, ಮರಿ ಒಳ್ಳೇ ಕಂಪನಿಯ ಪಪ್ಪಿ ಫುಡ್ ತಿಂತಾ ಇದ್ರೆ ಅದರಲ್ಲೇ ಲೆಕ್ಕ ಹಾಕಿ ಹಾಕಿರ್ತಾರೆ, ಮೇಲಿಂದ ಸಿರಪ್ ಸುರಿದ್ರೆ ಲ್ಯಾಬ್ ಥರದ ದೊಡ್ಡ ತಳಿ ಮರಿಗಳಲ್ಲಿ ಮೂಳೆ ಬೆಳವಣಿಗೆಯೇ ಹಾಳಾಗುತ್ತೆ. ಉಲ್ಟಾ ಕೇಸೂ ಇದೆ, ಬರೀ ಚಿಕನ್ನು, ಲಿವರ್, ಅನ್ನ ಇಷ್ಟೇ ತಿನ್ನೋ ಮರಿಗೆ ಕ್ಯಾಲ್ಸಿಯಂ ಸಾಲ್ದೆ ಮೂಳೆ ಪೇಪರ್ ಆಗಿ ಸುಮ್ನೆ ಮಂಚದಿಂದ ಇಳಿದ್ರೂ ಮುರಿಯುತ್ತೆ. ನಿಮ್ಮದು ಯಾವ ಕೇಸು ಅಂತ ಊಟದ ಪಟ್ಟಿ ಬರ್ಕೊಂಡು ಹೋಗಿ ಡಾಕ್ಟ್ರಿಗೆ ತೋರ್ಸಿ.

ಪ್ರಶ್ನೆ: ಐದು ತಿಂಗಳ ಪೊಮೇರಿಯನ್, ಮಗಳ ತೊಡೆ ಮೇಲಿಂದ ಜಿಗಿದು ಮುಂಗಾಲು ಮುರ್ಕೊಂಡ್ಳು. ಪ್ಲೇಟ್ ಹಾಕಿಸಿದೀವಿ. ಯಾವಾಗ ಓಡ್ತಾಳೆ, ಪ್ಲೇಟ್ ತೆಗೆಸ್ಬೇಕಾ?
(ಬೆಂಗಳೂರು)

ಉತ್ತರ: ಸಣ್ಣ ತಳಿಗಳ ಮುಂಗಾಲಿನ ಮಣಿಕಟ್ಟಿನ ಹತ್ರ ಮೂಳೆ ಪೆನ್ಸಿಲ್ಲಿಗಿಂತ ಸಣ್ಣ, ರಕ್ತ ಸಂಚಾರಾನೂ ಕಮ್ಮಿ, ಬರೀ ಪಟ್ಟಿ ಕಟ್ಟಿದ್ರೆ ಎಷ್ಟೋ ಸಲ ಕೂಡೋದೇ ಇಲ್ಲ, ಪ್ಲೇಟ್ ಹಾಕ್ಸಿ ಒಳ್ಳೇದೇ ಮಾಡಿದ್ರಿ. ಮೂರು ತಿಂಗಳೊಳಗಿನ ಮರಿಗೆ ಮೂರ್ನಾಕು ವಾರದಲ್ಲೇ ಮೂಳೆ ಕೂಡ್ಬೋದು, ಇವಳ ವಯಸ್ಸಿಗೆ ಆರರಿಂದ ಎಂಟು ವಾರ ಅಂತ ಇಟ್ಕೊಳ್ಳಿ, ಆದ್ರೆ ಕ್ಯಾಲೆಂಡರ್ ನೋಡಿ ಬಿಡ್ಬೇಡಿ, ಎಕ್ಸ್‌ರೇಲಿ ಕೂಡಿದೆ ಅಂತ ಸರ್ಜನ್ ಹೇಳಿದ್ಮೇಲೇ ಬಿಡೋದು. ಮೂರನೇ ವಾರಕ್ಕೆ ನೋವು ಹೋಗಿರುತ್ತೆ, ಅವಳು ವಾಸಿಯಾಯ್ತು ಅಂದ್ಕೊಂಡು ಹಾರೋಕೆ ಶುರು ಮಾಡ್ತಾಳೆ, ಪ್ಲೇಟ್ ಬಗ್ಗೋದು ಸ್ಕ್ರೂ ಕಿತ್ಕೊಳ್ಳೋದೆಲ್ಲ ಆಗಲೇ. ಪ್ಲೇಟ್ ತೊಂದ್ರೆ ಕೊಡ್ದಿದ್ರೆ ಸಾಮಾನ್ಯವಾಗಿ ಒಳಗೇ ಬಿಡ್ತಾರೆ, ಮೂಳೆ ಬೆಳೆಯೋ ತುದಿ ಭಾಗಕ್ಕೆ ಅಡ್ಡ ಬಂದಿದ್ರೆ ಮಾತ್ರ ಬೇಗ ತೆಗೀಬೇಕಾಗುತ್ತೆ. ಪಟ್ಟೀನೂ ಕಟ್ಟಿದ್ರೆ ದಿನಕ್ಕೆರಡು ಸಲ ನಡುವಿನ ಎರಡು ಬೆರಳು ನೋಡಿ, ಉಗುರುಗಳು ಒಂದಕ್ಕೊಂದು ದೂರ ಸರಿದಿದ್ರೆ, ಬೆರಳು ತಣ್ಣಗಿದ್ರೆ ಪಟ್ಟಿ ಬಿಗಿಯಾಗಿದೆ ಅಂತ, ನಾಳೆಗೆ ಬಿಡೋ ಹಂಗಿಲ್ಲ. ಮಗಳಿಗೆ ಹೇಳಿ, ಎತ್ಕೊಳ್ಳೋದಾದ್ರೆ ನೆಲದಲ್ಲಿ ಕೂತ್ಕೊಂಡೇ ಎತ್ಕೊಳ್ಲಿ.

ಪ್ರಶ್ನೆ: ಗಾಡಿ ಹೊಡೆದು ಬಿದ್ದಿದ್ದ ಮರೀನ ಆಸ್ಪತ್ರೆಗೆ ಒಯ್ಯುವಾಗ ನನ್ನ ಕೈಗೆ ಕಚ್ಚಿತು, ಸ್ವಲ್ಪ ರಕ್ತ ಬಂತು. ಅಷ್ಟು ಚಿಕ್ಕ ಮರಿ, ಇಂಜೆಕ್ಷನ್ ಬೇಕಾ?
(ಹುಬ್ಬಳ್ಳಿ)

ಉತ್ತರ: ಬೇಕು, ಇವತ್ತೇ. ನೋವಲ್ಲಿರೋ ಪ್ರಾಣಿ ಯಾರನ್ನಾದ್ರೂ ಕಚ್ಚುತ್ತೆ, ಅದು ಮರಿಯ ತಪ್ಪಲ್ಲ, ಆದ್ರೆ ರೇಬೀಸ್ ಮರಿಗೂ ಇರ್ಬೋದು, ಲಸಿಕೆ ಆಗಿದ್ಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಗಾಯಾನ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀರಿ, ಸುಣ್ಣ, ಖಾರದಪುಡಿ ಹಚ್ಚೋದು ಬೇಡ, ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡೋ ಲಸಿಕೆ ಆದ್ರೆ ಮೊದ್ಲ ದಿನ, ಆಮೇಲೆ 3, 7, 28ನೇ ದಿನ (ಮೊದ್ಲ ದಿನಾನ ಸೊನ್ನೆ ಅಂತ ಎಣಿಸಿ). ರಕ್ತ ಬಂದಿರೋದ್ರಿಂದ ಗಾಯದ ಸುತ್ತ ಇಮ್ಯುನೋಗ್ಲೋಬುಲಿನ್ (ರೇಬೀಸ್ ವಿರುದ್ಧದ ರೆಡಿಮೇಡ್ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಅವರೇ ಹೇಳ್ದಿದ್ರೆ ನೀವೇ ಕೇಳಿ. ಮತ್ತೆ ಅಂಥಾ ಮರಿ ಎತ್ತುವಾಗ ದಪ್ಪ ಟವೆಲ್ ಮೈಮೇಲೆ ಹಾಕಿ, ಹಲಗೆ ಅಥವಾ ರಟ್ಟಿನ ಮೇಲೆ ಜಾರಿಸ್ಕೊಂಡು ತಗೊಂಡು ಹೋಗಿ, ಮುರಿದ ಕಾಲೂ ಕಡಿಮೆ ಅಲ್ಲಾಡುತ್ತೆ. ಮರಿಗೆ ಮೂರು ತಿಂಗಳು ತುಂಬಿದ್ರೆ ರೇಬೀಸ್ ಲಸಿಕೆ ಯಾವಾಗ ಹಾಕ್ಬೋದು, ಪಾರ್ವೋ (ಮರಿಗಳಿಗೆ ಬರೋ ವಾಂತಿ ಭೇದಿ ರೋಗ) ಲಸಿಕೆ ಡೋಸ್ ಎಷ್ಟು ಬಾಕಿ ಅಂತ ಹೊಲಿಗೆ ಬಿಚ್ಚೋಕೆ ಹೋದ ದಿನಾನೇ ಕೇಳ್ಕೊಂಡು ಬನ್ನಿ.