ಅಮ್ಮನ ಫೋನ್ ಬಂದರೆ ಟೆರೇಸಿಗೆ ಯಾಕೆ ಓಡಬೇಕು?

ಪ್ರಶ್ನೆ: ನನಗೆ 21 ವರ್ಷ. ಕಾಸರಗೋಡಿನ ಕುಂಬಳೆ ಕಡೆಯವಳು. ಅಪ್ಪ ಇಲ್ಲಿಯವರೇ, ಮನೆಮಾತು ತುಳು. ಅಮ್ಮ ಫಿಲಿಪೀನ್ಸ್‌ನವರು, ದುಬೈಯಲ್ಲಿ ನರ್ಸ್. ಇಬ್ಬರೂ ಅಲ್ಲೇ ಇದ್ದಾರೆ. ನಾನು ಚಿಕ್ಕಂದಿನಿಂದ ಅಜ್ಜಿ ಜೊತೆ ಬೆಳೆದೆ, ಕನ್ನಡ ಮೀಡಿಯಂನಲ್ಲಿ ಓದಿದೆ. ಮುಖ ಮಾತ್ರ ಅಮ್ಮನದ್ದು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹತ್ತಿರ ಮಾತ್ರ ಹಿಂದಿಯಲ್ಲಿ ಕೇಳುತ್ತಾರೆ. ಅಮ್ಮನ ಊರಿಗೆ ಹೋದರೆ ಅಲ್ಲಿನ ಕಸಿನ್‌ಗಳಿಗೆ ನಾನು ‘ಬುಂಬಾಯ್’, ಭಾರತದವರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಾರೆ. ಮಂಗಳೂರಿನ ಹಾಸ್ಟೆಲ್ ಸೇರಿದ ದಿನ ಒಬ್ಬಳು ‘ಸಿಕ್ಕಿಂನವಳಾ?’ ಅಂದಳು. ಹೂಂ ಅಂದುಬಿಟ್ಟೆ. ಅಪ್ಪನ ಕೆಲಸಕ್ಕಾಗಿ ಇಲ್ಲಿಗೆ ಬಂದೆವು ಅಂತ ಕಥೆ ಕಟ್ಟಿದೆ. ಅಮ್ಮನ ವಿಡಿಯೊ ಕಾಲ್ ಬಂದರೆ ಟೆರೇಸಿಗೆ ಹೋಗುತ್ತೇನೆ. ಈಗ ದೊಡ್ಡಪ್ಪನ ಮಗಳ ಮದುವೆ. ರೂಮ್‌ಮೇಟ್‌ಗಳು ಬಂದೇ ಬರುತ್ತೇವೆ ಅನ್ನುತ್ತಿದ್ದಾರೆ. ಅಮ್ಮನೂ ಬರುತ್ತಾರೆ. ದೊಡ್ಡಮ್ಮ ಬೇರೆ, ‘ಗಂಡಿನ ಕಡೆಯವರು ಏನಾದರೂ ಕೇಳಿಯಾರು, ನಿನ್ನಮ್ಮ ಸ್ವಲ್ಪ ಹಿಂದೆ ಇರಲಿ’ ಅಂದರು. ಗೆಳತಿಯರನ್ನು ಬರಬೇಡಿ ಅನ್ನಲಾ?

ಉತ್ತರ: ಬೇಡ, ಬರಲಿ. ಆದರೆ ಮದುವೆ ಮನೆಯಲ್ಲಿ ಅವರಿಗೆ ಗೊತ್ತಾಗುವುದು ಬೇಡ. ಮೊದಲೇ ಗೊತ್ತಿರಲಿ.

ನೀವು ಯಾಕೆ ಹೂಂ ಅಂದಿರಿ ಅಂತ ನನಗೆ ಅರ್ಥವಾಗುತ್ತದೆ. ಫಿಲಿಪೀನ್ಸ್ ಅಂದಕೂಡಲೇ ಪ್ರಶ್ನೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಅಪ್ಪ ಅಮ್ಮ ಎಲ್ಲಿ ಸಿಕ್ಕಿದ್ದು? ಲವ್ವಾ? ಮನೆಯಲ್ಲಿ ಒಪ್ಪಿದರಾ? ಹಾಗಾದರೆ ನಿನ್ನದು ಯಾವ ಜಾತಿ? ಗುರುತು ಪರಿಚಯ ಇಲ್ಲದವರಿಗೂ ಮನೆ ಕಥೆ ಹೇಳಿ ಸಾಕಾದವಳು ಒಂದು ಸುಳ್ಳು ಹೇಳಿ ಸುಮ್ಮನಾದಳು. ಅದರಲ್ಲಿ ಮಹಾ ಪಾಪ ಏನಿಲ್ಲ. ಆದರೆ ಸಿಕ್ಕಿಂನ ಹುಡುಗಿಯರಿಗೇನೂ ಇಲ್ಲಿ ನೆಮ್ಮದಿ ಇಲ್ಲವಲ್ಲ? ‘ಚಿಂಕಿ’ ಅನ್ನಿಸಿಕೊಳ್ಳುವುದು ಅವರಿಗೂ ತಪ್ಪಿದ್ದಲ್ಲ. ನಿಮ್ಮ ಪಾಲಿನದ್ದನ್ನು ಬಿಟ್ಟು ಅವರ ಪಾಲಿನದ್ದನ್ನು ಹೊತ್ತುಕೊಂಡಿರಿ, ಅಷ್ಟೇ.

ನನಗೆ ಚುಚ್ಚಿದ್ದು ಟೆರೇಸ್. ನೈಟ್ ಡ್ಯೂಟಿ ಮುಗಿಸಿ ಬಂದ ಅಮ್ಮ ಮಗಳ ಮುಖ ನೋಡಲು ಫೋನ್ ಮಾಡುತ್ತಾರೆ. ಮಗಳು ಚಪ್ಪಲಿ ಮೆಟ್ಟಿಕೊಂಡು, ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು, ತಗ್ಗಿದ ದನಿಯಲ್ಲಿ ಮಾತಾಡುತ್ತಾಳೆ. ‘ರೂಮ್ ತೋರಿಸು, ಗೆಳತಿಯರನ್ನು ತೋರಿಸು’ ಅಂತ ಅವರು ಒಮ್ಮೆಯೂ ಕೇಳಿಲ್ಲವೇ? ಕೇಳಿರುತ್ತಾರೆ. ಏನೋ ನೆಪ ಹೇಳಿರುತ್ತೀರಿ. ಸುಳ್ಳಿನ ಬಾಡಿಗೆ ಕಟ್ಟುತ್ತಿರುವುದು ನೀವಲ್ಲ, ಅವರು.

‘ಕಾಸರಗೋಡು ಸಪ್ತಭಾಷೆಗಳ ನಾಡು, ಇಲ್ಲಿ ಎಲ್ಲರೂ ಬೆರೆತವರೇ’ ಅಂತ ಸಮಾಧಾನ ಹೇಳಬಹುದಿತ್ತು. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ನಾವು ಕನ್ನಡದವರು ಅಂತ ಆಫೀಸಿನಿಂದ ಆಫೀಸಿಗೆ ಅರ್ಜಿ ಹಿಡಿದು ಅಲೆದವರಿಗೆ ನಿಮ್ಮ ಕಷ್ಟ ಗೊತ್ತಾಗಬೇಕು ಅಂತಲೂ ಹೇಳಬಹುದು. ಆದರೆ ಅದು ಪೂರ್ತಿ ಸರಿಯಲ್ಲ. ನಾನು ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ತುಳು, ಬರೆಯುವಾಗ ಕನ್ನಡ ಬಳಸಿ ಎಲ್ಲ ಕಡೆ ಒಳಗಿನವಳಾಗಬಲ್ಲೆ. ನೀವು ಅದೇ ತುಳು ಮಾತಾಡಿದರೆ ‘ಎಷ್ಟು ಚಂದ ತುಳು ಮಾತಾಡ್ತೀಯಾ!’ ಅನ್ನುತ್ತಾರೆ. ನನಗೆ ಯಾರೂ ಹಾಗೆ ಹೊಗಳುವುದಿಲ್ಲ. ಮಾತು ಬದಲಿಸಬಹುದು, ಮುಖ ಬದಲಿಸಲು ಆಗಲ್ಲ. ಆ ವ್ಯತ್ಯಾಸ ನಮ್ಮ ಊರಿನವರಿಗೆ ಅರ್ಥವಾಗಲು ಇನ್ನೂ ಸಮಯ ಬೇಕು.

ಬೇರೆ ಕಡೆಯೂ ತಡವಾಗಿಯೇ ಅರ್ಥವಾಗಿದ್ದು. ಅಮೆರಿಕದ ಜನಗಣತಿಯಲ್ಲಿ ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಗುರುತು ಹಾಕಬಹುದು ಅಂತಾಗಿದ್ದೇ 2000ದಲ್ಲಿ. 2020ರ ಹೊತ್ತಿಗೆ ಹಾಗೆ ಲೆಕ್ಕಕ್ಕೆ ಸಿಕ್ಕವರು ಸುಮಾರು 3.38 ಕೋಟಿ ಜನ. ಅಲ್ಲಿನ ಮನಶ್ಶಾಸ್ತ್ರಜ್ಞೆ ಮರಿಯಾ ರೂಟ್ 1990ರ ದಶಕದಲ್ಲಿ ಮಿಶ್ರ ಮೂಲದವರ ಹಕ್ಕುಗಳ ಪಟ್ಟಿಯೊಂದನ್ನು ಬರೆದರು. ಅವರು ಹುಟ್ಟಿದ್ದು ಮನಿಲಾದಲ್ಲಿ, ಹಾಗಾಗಿ ನಿಮಗೆ ಅಮ್ಮನ ಕಡೆಯವರು ಅಂತಲೇ ಇಟ್ಟುಕೊಳ್ಳಿ. ಅಪರಿಚಿತರು ಅಂದುಕೊಂಡ ಹಾಗೇ ನೀವು ಇರಬೇಕಿಲ್ಲ, ಒಂದೊಂದು ಕಡೆ ಒಂದೊಂದು ಥರ ಗುರುತಿಸಿಕೊಳ್ಳಬಹುದು, ಒಂದಕ್ಕಿಂತ ಹೆಚ್ಚು ಗುಂಪಿಗೆ ನಿಷ್ಠೆ ಇಟ್ಟುಕೊಳ್ಳಬಹುದು ಅನ್ನುತ್ತದೆ ಆ ಪಟ್ಟಿ. ಅಂದರೆ ಕಂಡಕ್ಟರಿಗೆ ‘ಒಂದು ಕುಂಬಳೆ’ ಅಂದರೆ ಸಾಕು. ಅಜ್ಜಿಯ ಊರಿನಲ್ಲಿ ತುಳುವಳು, ಅಮ್ಮನ ಊರಿನಲ್ಲಿ ಅವರ ಮಗಳು. ಎಲ್ಲವನ್ನೂ ಎಲ್ಲರಿಗೂ ಬಿಡಿಸಿ ಹೇಳುವ ಹಂಗು ನಿಮಗಿಲ್ಲ.

ರೂಮ್‌ಮೇಟ್‌ಗಳು ಮಾತ್ರ ‘ಎಲ್ಲರೂ’ ಅಲ್ಲ. ಅವರಲ್ಲಿ ತುಂಬ ಹತ್ತಿರದವಳಿಗೆ ಮೊದಲು ಹೇಳಿ. ಅಳುತ್ತಾ ಕ್ಷಮೆ ಕೇಳುವ ಭಾಷಣ ಬೇಡ. ‘ನಾನು ಸಿಕ್ಕಿಂನವಳಲ್ಲ ಮಾರಾಯ್ತಿ. ಅಪ್ಪ ಕುಂಬಳೆ, ಅಮ್ಮ ಫಿಲಿಪೀನ್ಸ್. ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು, ಅದಕ್ಕೆ ಹಾಗೆ ಹೇಳಿದೆ.’ ಇಷ್ಟು ಸಾಕು. ಅವಳಿಗೆ ಸಿಟ್ಟು ಬರಬಹುದು, ಬರಲಿ, ಎರಡು ದಿನ ಬಿಡಿ. ಆಮೇಲೆ ಅಮ್ಮನ ಕಾಲ್ ರೂಮಿನಲ್ಲೇ ತೆಗೆದುಕೊಳ್ಳಿ. ಸಿಕ್ಕಿಂ ಕಥೆಯನ್ನು ಅಮ್ಮನಿಗೆ ಹೇಳಲೇಬೇಕು ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಅವರ ಮನಸ್ಸು ಭಾರ ಮಾಡಬೇಡಿ.

ನಿಜ ಗೊತ್ತಾದ ಮೇಲೆ ಹಾಸ್ಟೆಲ್‌ನಲ್ಲಿ ಯಾರಾದರೂ ಅಡ್ಡಹೆಸರಿಟ್ಟು ಕಾಡಿದರೆ ಸಹಿಸಿಕೊಂಡು ಕೂರಬೇಡಿ. 2016ರಲ್ಲಿ ಯುಜಿಸಿ ತನ್ನ ರ‍್ಯಾಗಿಂಗ್ ನಿಯಮಕ್ಕೆ ತಿದ್ದುಪಡಿ ತಂದಿದೆ. ಬಣ್ಣ, ಜನಾಂಗ, ರೂಪ, ಹುಟ್ಟಿದ ಊರು, ಭಾಷೆ ಇವುಗಳ ಹೆಸರಲ್ಲಿ ಹಿಂಸಿಸುವುದು, ದೂರ ಇಡುವುದು ಕೂಡ ರ‍್ಯಾಗಿಂಗ್. ಸಹಾಯವಾಣಿ 1800-180-5522.

ಇನ್ನು ದೊಡ್ಡಮ್ಮ. ಅವರ ಜೊತೆ ನೀವು ಜಗಳಕ್ಕೆ ಇಳಿಯಬೇಡಿ, ಅದು ನಿಮ್ಮ ಕೆಲಸ ಅಲ್ಲ, ಅಪ್ಪನದ್ದು. ಇಷ್ಟು ವರ್ಷ ಅಪ್ಪ ದುಬೈಯಲ್ಲಿ ಆರಾಮಾಗಿ ದೂರ ಉಳಿದರು, ಮನೆಯವರ ಮಾತನ್ನೆಲ್ಲ ಅಜ್ಜಿ ಪಕ್ಕ ನಿಂತು ಕೇಳಿಸಿಕೊಂಡವರು ನೀವು. ಈ ವಾರವೇ ಫೋನ್ ಮಾಡಿ, ದೊಡ್ಡಮ್ಮ ಅಂದದ್ದನ್ನು ಹಾಗೇ ಹೇಳಿ. ಅಣ್ಣ ಅತ್ತಿಗೆಯ ಹತ್ತಿರ ಅವರೇ ಮಾತಾಡಲಿ, ಅದೂ ಟಿಕೆಟ್ ಮಾಡುವ ಮೊದಲು. ಫೋಟೋಕ್ಕೆ ಕರೆದಾಗ ಹೆಂಡತಿಯ ಕೈ ಹಿಡಿದು ಮಂಟಪಕ್ಕೆ ಹತ್ತಬೇಕಾದವರೂ ಅವರೇ.