ಕೇಳಿದ್ದೀರಿ, ಹೇಳುತ್ತೇವೆ: ಲಾಠಿ ಬೀಸಿದ ಲೆಕ್ಕ ಯಾರ ಬಳಿ ಇರುತ್ತದೆ?

ಪ್ರಶ್ನೆ: ನಮ್ಮ ರಸ್ತೆಯಲ್ಲಿ ಮೆರವಣಿಗೆ ಚದುರಿಸಲು ಪೊಲೀಸರು ಲಾಠಿ ಬೀಸಿದರು. ದಾಖಲೆ ಬೇಕು. ಮುಂಬಯಿ ಮಹಾನಗರಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸಾಕೇ? (ಓದುಗರು, ಸಾಯನ್)

ಉತ್ತರ: ಸಾಲದು. ಹೊರದೇಶದ ಕೆಲವು ನಗರಗಳಲ್ಲಿ ಪೊಲೀಸರು ಮೇಯರ್ ಕೈಕೆಳಗೆ ಇರುತ್ತಾರೆ. ಇಲ್ಲಿ ಅವರು ರಾಜ್ಯದ ಗೃಹ ಇಲಾಖೆಗೆ ಸೇರಿದವರು. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3) ಹೇಳುತ್ತದೆ. ಅದನ್ನು ನೆಚ್ಚಿಕೊಂಡು ಕೂರಬೇಡಿ, ನೇರವಾಗಿ ಪೊಲೀಸರಿಗೇ ಹಾಕಿ.

ಮೊದಲು ಗಡಿ ನೋಡಿಕೊಳ್ಳಿ. ಡೊಂಬಿವಲಿ ಮತ್ತು ಕಲ್ಯಾಣ್, ಠಾಣೆ ನಗರದ ಪೊಲೀಸ್ ಕಮಿಷನರೇಟಿಗೆ (ಕಮಿಷನರ್ ವ್ಯಾಪ್ತಿಗೆ) ಸೇರುತ್ತವೆ. ನವಿ ಮುಂಬಯಿ ಬೇರೆ, ಮೀರಾ-ಭಾಯಂದರ್ ಹಾಗೂ ವಸಯಿ-ವಿರಾರ್ ಸೇರಿ ಇನ್ನೊಂದು. ಘಟನೆ ಪ್ಲಾಟ್‌ಫಾರಂ ಮೇಲೆ ನಡೆದಿದ್ದರೆ ಅದು ರೈಲ್ವೆ ಪೊಲೀಸರದು, ಅವರು ರಾಜ್ಯದವರು. ಲಾಠಿ ಹಿಡಿದವರು ಆರ್‌ಪಿಎಫ್‌ನವರಾಗಿದ್ದರೆ (ರೈಲ್ವೆ ರಕ್ಷಣಾ ಪಡೆ) ಅರ್ಜಿ ಕೇಂದ್ರ ಸರ್ಕಾರದ ಪೋರ್ಟಲಿಗೆ ಹೋಗಬೇಕು. ಸಮವಸ್ತ್ರದ ಭುಜಪಟ್ಟಿ ಯಾರಾದರೂ ಗಮನಿಸಿದ್ದರೆ ಒಂದು ತಿಂಗಳ ಅಲೆದಾಟ ತಪ್ಪುತ್ತದೆ.

ಹಾಗೆಂದು ಪಾಲಿಕೆಯನ್ನು ಪೂರ್ತಿ ಬಿಡಬೇಕಿಲ್ಲ. ಸಾಯನ್, ಕೆಇಎಂ, ನಾಯರ್, ಕೂಪರ್ ಪಾಲಿಕೆಯದೇ ಆಸ್ಪತ್ರೆಗಳು. ಪೆಟ್ಟು ತಿಂದು ಬಂದವರ ವಿವರ ಅಲ್ಲಿನ ಮೆಡಿಕೋ-ಲೀಗಲ್ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳ ಪುಸ್ತಕದಲ್ಲಿ, ಇರುತ್ತದೆ. ಹೆಸರು ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ನಮೂದುಗಳನ್ನು ಹೆಸರು-ವಿಳಾಸ ಮುಚ್ಚಿ ಕೊಡಿ ಎಂದು ಕೇಳಿ. ಪೊಲೀಸರ ಕಾಗದದಲ್ಲಿ 'ಯಾರಿಗೂ ಗಾಯವಿಲ್ಲ' ಎಂದಿದ್ದು, ಆಸ್ಪತ್ರೆಯ ಪುಟದಲ್ಲಿ ತಲೆಗೆ ಹೊಲಿಗೆ ಹಾಕಿದ ನಮೂದು ಇದ್ದರೆ ಮುಂದಿನ ಮಾತಿಗೆ ಅಷ್ಟೇ ಸಾಕು. ಜೆಜೆ ಆಸ್ಪತ್ರೆ ಮಾತ್ರ ರಾಜ್ಯ ಸರ್ಕಾರದ್ದು, ಅದಕ್ಕೆ ಬೇರೆ ಅರ್ಜಿ.

ಪ್ರಶ್ನೆ: ಅರ್ಜಿಯಲ್ಲಿ ಏನು ಬರೆಯಬೇಕು? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? (ಓದುಗರು, ಡೊಂಬಿವಲಿ)

ಉತ್ತರ: ಕನ್ನಡ ನಡೆಯುವುದಿಲ್ಲ. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆ ಎಂದು ಕಲಂ 6(1) ಹೇಳುತ್ತದೆ; ಇಲ್ಲಿ ಅದು ಮರಾಠಿ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಕೇಳಿದರೆ ಅಧಿಕಾರಿಯೇ ಬರೆದುಕೊಳ್ಳಲು ನೆರವಾಗಬೇಕು. ಮರಾಠಿಯಲ್ಲಿ ಹಾಕುವುದು ಲೇಸು. ಠಾಣೆಯ ದಾಖಲೆ ಇರುವುದು ಮರಾಠಿಯಲ್ಲೇ, ಪದ ಪದಕ್ಕೆ ಹೊಂದುತ್ತದೆ.

ಮಹಾರಾಷ್ಟ್ರದ ನಮೂನೆಗೆ 'ಜೋಡ್‌ಪತ್ರ ಅ' ಎನ್ನುತ್ತಾರೆ. ಅದಕ್ಕೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಬೇಕು. 2012ರ ತಿದ್ದುಪಡಿ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ಅನ್ಯಾಯದ ಕಥೆಯನ್ನೆಲ್ಲ ಬರೆದು, ಕೊನೆಗೆ 'ಯಾಕೆ ಹೊಡೆದಿರಿ' ಎಂದು ಕೇಳುತ್ತಾರೆ. 'ಯಾಕೆ' ಎಂಬುದಕ್ಕೆ ಉತ್ತರ ಕೊಡುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ. ಇರುವ ದಾಖಲೆಯನ್ನು ಕೊಡುವುದಷ್ಟೇ ಅವರ ಕೆಲಸ, ಹೊಸದಾಗಿ ತಯಾರಿಸುವುದಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

'ಬಲಪ್ರಯೋಗದ ದಾಖಲೆ ಕೊಡಿ' ಎಂದು ಮೊಗಮ್ಮಾಗಿ ಕೇಳಿದರೆ 'ಲಭ್ಯವಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಮಾಹಿತಿ ನಾಲ್ಕಾರು ಕಡೆ ಚದುರಿ ಬಿದ್ದಿರುತ್ತದೆ, ಒಂದೊಂದನ್ನೂ ಹೆಸರಿಡಿದು ಕರೆಯಬೇಕು. ಹೀಗೆ ಬರೆಯಬಹುದು: 'ಇಂಥ ದಿನಾಂಕ ಸಂಜೆ 6ರಿಂದ ರಾತ್ರಿ 10ರವರೆಗೆ ಇಂಥ ಠಾಣೆಯ ಸ್ಟೇಷನ್ ಡೈರಿಯ ನಮೂದುಗಳ ಪ್ರತಿ, ಅದೇ ಅವಧಿಯ ಕಂಟ್ರೋಲ್ ರೂಮ್ ಲಾಗ್‌ನ ಪ್ರತಿ, ಬಂದೋಬಸ್ತಿಗೆ ನೀಡಿದ ಹಾಗೂ ವಾಪಸ್ ಪಡೆದ ಶಸ್ತ್ರ, ಗುಂಡು, ಅಶ್ರುವಾಯು ಶೆಲ್‌ಗಳ ರಿಜಿಸ್ಟರಿನ ಪುಟಗಳ ಪ್ರತಿ, ಜನರನ್ನು ಚದುರಿಸಲು ಆದೇಶ ಕೊಟ್ಟ ಅಧಿಕಾರಿಯ ಹುದ್ದೆ ನಮೂದಾಗಿರುವ ದಾಖಲೆಯ ಪ್ರತಿ, ಘಟನೆ ಕುರಿತು ಮೇಲಧಿಕಾರಿಗೆ ಕಳಿಸಿದ ವರದಿಯ ಪ್ರತಿ.' ವಿತರಣೆ ಮತ್ತು ವಾಪಸಾತಿಯ ಅಂಕಿ ಅಕ್ಕಪಕ್ಕ ಇಟ್ಟರೆ ಎಷ್ಟು ಶೆಲ್ ಖರ್ಚಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ಆದೇಶದ ಸಾಲನ್ನು ಬಿಡಬೇಡಿ: ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 148ರಂತೆ ಗುಂಪು ಚದುರಿಸಲು ಆಜ್ಞೆ ಕೊಡಬಲ್ಲವರು ಕಾರ್ಯಕಾರಿ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಸ್ಟೇಷನ್ ಡೈರಿಗೂ ಕೇಸ್ ಡೈರಿಗೂ ಗೊಂದಲ ಬೇಡ. ಸ್ಟೇಷನ್ ಡೈರಿ ಠಾಣೆಯ ದಿನಚರಿ ಪುಸ್ತಕ. ಕೇಸ್ ಡೈರಿ ತನಿಖೆಯದು, ಅದನ್ನು ಕೇಳಿದರೆ ಬಾಗಿಲು ಅಲ್ಲೇ ಮುಚ್ಚುತ್ತದೆ.

ಉತ್ತರಕ್ಕೆ 30 ದಿನ. ಪ್ರತಿ ಪುಟಕ್ಕೆ 2 ರೂಪಾಯಿ. ಗಡುವು ಮೀರಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಇದನ್ನು ಅವರಾಗಿ ಹೇಳುವುದಿಲ್ಲ, ನೀವೇ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(6) ನೆನಪಿಸಬೇಕು.

ಪ್ರಶ್ನೆ: 'ತನಿಖೆ ನಡೆಯುತ್ತಿದೆ, ಕೊಡಲಾಗದು' ಎಂಬ ಒಂದು ಸಾಲಿನ ಉತ್ತರ ಬಂದಿದೆ. ಇಲ್ಲಿಗೆ ಮುಗಿಯಿತೇ? (ಓದುಗರು, ಪುಣೆ)

ಉತ್ತರ: ಶುರುವಾಯಿತು ಅನ್ನಿ. ಅವರು ಹಿಡಿದಿರುವುದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್), ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ತಡೆಹಿಡಿಯಬಹುದು ಎನ್ನುವ ಕಲಂ. ತನಿಖೆ ಬಾಕಿಯಿದೆ ಎಂದಷ್ಟೇ ಹೇಳಿದರೆ ಸಾಲದು, ಈ ಕಾಗದ ಹೊರಬಂದರೆ ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಈ ಒಂದು ವಾಕ್ಯ ಹಾಕಿ. ಜೊತೆಗೆ ಕಲಂ 10: ಕೊಡಬಾರದ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡಿ ಎಂದು ಕೇಳಿ. ಗುಂಡಿನ ರಿಜಿಸ್ಟರಿನ ಅಂಕಿಯಿಂದ ಯಾವ ತನಿಖೆ ಕೆಡುತ್ತದೆ?

ಈಗ ಹೆಚ್ಚು ಕಾಡುವುದು 8(1)(ಜೆ). ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲಕ ಅದನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ತಡೆಹಿಡಿಯಬಹುದು ಎಂಬಂತೆ ಮಾಡಿದ್ದಾರೆ. ಪೊಲೀಸರ ಹೆಸರು, ಶಿಸ್ತುಕ್ರಮ ಕೇಳಿದರೆ ಇದೇ ಗೋಡೆ ಎದುರಾಗುತ್ತದೆ. ಹಾಗಾಗಿ ಹುದ್ದೆ ಕೇಳಿ, ಹೆಸರಲ್ಲ. ಹೆಸರೇ ಬೇಕಿದ್ದರೆ ಕಲಂ 8(2)ರ ಸಾರ್ವಜನಿಕ ಹಿತದ ವಾದ ಹೂಡಬೇಕು, ಅದು ಕಷ್ಟದ ದಾರಿ.

ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ, 30 ದಿನದೊಳಗೆ, 'ಜೋಡ್‌ಪತ್ರ ಬ', 20 ರೂಪಾಯಿ ಸ್ಟಾಂಪ್. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ, ನಿಮಗೆ ಪುಣೆ ಪೀಠ. ಆಯೋಗದಲ್ಲಿ ಕಡತದ ರಾಶಿ ದೊಡ್ಡದು, ಬೇಗ ಸರದಿ ಬರುವುದಿಲ್ಲ. ಆದ್ದರಿಂದ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ. ಅಂದಹಾಗೆ, ಪಿಂಪ್ರಿ-ಚಿಂಚವಡ್‌ಗೆ 2018ರಿಂದ ಬೇರೆ ಕಮಿಷನರೇಟ್ ಇದೆ. ಹಳೆಯ ಘಟನೆಯಾದರೆ ಕಡತ ಯಾವ ಕಚೇರಿಯಲ್ಲಿದೆ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ಠಾಣೆಯೊಳಗೇ ಹೊಡೆದರೆ? (ಓದುಗರು, ವಸಯಿ)

ಉತ್ತರ: ಕ್ಯಾಮೆರಾ ದೃಶ್ಯ ಕೇಳಿ, ತಡಮಾಡಬೇಡಿ. ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಕಾಪಿಡಬೇಕೆಂದು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ 1 ವರ್ಷ. ಆದರೆ ಕ್ಯಾಮೆರಾ 'ಕೆಟ್ಟಿತ್ತು' ಎಂಬ ಉತ್ತರ ಅಪರೂಪವೇನಲ್ಲ. ಅರ್ಜಿಯ ಮೊದಲೇ ದೃಶ್ಯ ಅಳಿಸಬಾರದೆಂದು ಠಾಣಾಧಿಕಾರಿಗೂ ಡಿಸಿಪಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿ, ದಿನಾಂಕ ಮತ್ತು ಗಂಟೆ ನಮೂದಿಸಿ. ಬಳಿಕ ದೃಶ್ಯದ ಜೊತೆಗೆ ಕ್ಯಾಮೆರಾ ದುರಸ್ತಿಯ ದೂರು ಪುಸ್ತಕವನ್ನೂ ಕೇಳಿ. ಕೆಟ್ಟಿದ್ದು ನಿಜವಾದರೆ ದುರಸ್ತಿಗೆ ಬರೆದ ಪತ್ರ ಇರಲೇಬೇಕಲ್ಲ!

ಪ್ರಶ್ನೆ: ಕಾರಣ ಹೇಳಬೇಕೇ? ಮನೆ ವಿಳಾಸ ಕೊಡಲು ಭಯ. (ಹೆಸರು ಬೇಡವೆಂದ ಓದುಗರು, ಮಾಟುಂಗಾ)

ಉತ್ತರ: ಕಾರಣ ಬೇಕಿಲ್ಲ, ಕಲಂ 6(2). ವಿಳಾಸದ ಬದಲು ಪೋಸ್ಟ್ ಬಾಕ್ಸ್ ನಂಬರ್ ಸಾಕೆಂದು 2013ರಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿದೆ. ಅದನ್ನು ಅರ್ಜಿಯಲ್ಲೇ ಒಂದು ಸಾಲಿನಲ್ಲಿ ನಮೂದಿಸಿ.